‘ಕಿಮಿ ನಿ ತೊದೊಕೆ’: ಆ ನಿಧಾನವೇ ಕಥೆಯ ಜೀವವೋ, ದೋಷವೋ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಶೀನಾ ಕಾರುಹೊ ಅವರ ‘ಕಿಮಿ ನಿ ತೊದೊಕೆ’ ಮಾಂಗಾ (ಜಪಾನಿನ ಕಾಮಿಕ್ಸ್) ಓದಿ ಮುಗಿಸಿ, ಅದರ ತೆರೆಯ ರೂಪಗಳನ್ನೆಲ್ಲ ಒಂದಾದ ಮೇಲೊಂದು ನೋಡಿದ್ದೇನೆ. ಅನಿಮೆಯ (ಜಪಾನಿನ ಅನಿಮೇಷನ್ ಸರಣಿಯ) ಮೂರು ಸೀಸನ್, 2010ರ ಚಲನಚಿತ್ರ, 2023ರ ಧಾರಾವಾಹಿ, ಎಲ್ಲವೂ ಆಯಿತು. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಗೊತ್ತಿಲ್ಲದವರಿಗೆ ಕಥೆ ಎರಡು ಮಾತಿನಲ್ಲಿ. ಹೊಕ್ಕೈದೊ ದ್ವೀಪದ ಒಂದು ಊರಿನ ಹೈಸ್ಕೂಲು. ಉದ್ದನೆಯ ಕಪ್ಪು ಕೂದಲು, ಬಿಳಿಚಿದ ಮುಖ, ತಗ್ಗಿದ ದನಿಯ ಕುರೊನುಮಾ ಸವಾಕೊಳನ್ನು ಸಹಪಾಠಿಗಳು ‘ಸದಾಕೊ’ ಎಂದು ಕರೆಯುತ್ತಾರೆ. ‘ರಿಂಗ್’ ಕಥೆಯಲ್ಲಿ ಬಾವಿಯಿಂದ ಎದ್ದು ಬರುವ ದೆವ್ವದ ಹೆಸರದು. ಅವಳ ಕಣ್ಣನ್ನು ಮೂರು ಸೆಕೆಂಡು ನೋಡಿದರೆ ಕೇಡು ತಪ್ಪಿದ್ದಲ್ಲ ಎಂಬ ವದಂತಿ ಬೇರೆ. ಇಡೀ ತರಗತಿಗೆ ಬೇಕಾದ ಹುಡುಗ ಕಾಜೆಹಾಯಾ ಶೋತಾ ಅವಳ ಜೊತೆ ಸಹಜವಾಗಿ ಮಾತನಾಡುತ್ತಾನೆ. ಅಲ್ಲಿಂದ ಇಬ್ಬರೂ ತಮ್ಮ ಮನಸ್ಸನ್ನು ಹೇಳಿಕೊಳ್ಳುವ ಹೊತ್ತಿಗೆ ಅನಿಮೆಯ ಎರಡು ಸೀಸನ್ ಮುಗಿಯುತ್ತಾ ಬಂದಿರುತ್ತವೆ.

ಎಲ್ಲಿ ನೋಡಿದರೂ ಒಂದೇ ದೂರು: ಕಥೆ ತೆವಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಸವಾಕೊ ಹೇಡಿಯಲ್ಲ. ‘ನಾನು ಹತ್ತಿರ ಬಂದರೆ ಬೇರೆಯವರಿಗೆ ತೊಂದರೆ’ ಎಂದು ವರ್ಷಗಟ್ಟಲೆ ನಂಬಿಕೊಂಡು ಬಂದ ಹುಡುಗಿ ಅವಳು. ಅಂಥವಳಿಗೆ ತನ್ನನ್ನೂ ಒಬ್ಬರು ಬಯಸಬಹುದು ಎಂದು ಮನದಟ್ಟಾಗಲು ಎಷ್ಟು ಕಾಲ ಹಿಡಿಯುತ್ತದೋ ಅಷ್ಟೇ ಈ ಕಥೆ. ಆ ಕಾಲವನ್ನು ಕತ್ತರಿಸಿದರೆ ಉಳಿಯುವುದು ಚೆಂದದ ಹುಡುಗ, ನಾಚಿಕೆಯ ಹುಡುಗಿ. ಅಂಥ ಜೋಡಿಗಳು ಬೇಕಾದಷ್ಟಿವೆ.

ನೀವೇನು ಹೇಳುತ್ತೀರಿ? ಯಾವ ರೂಪ ಈ ಗುಣವನ್ನು ಉಳಿಸಿಕೊಂಡಿದೆ? ಕಥೆಯ ಕೊನೆಯವರೆಗೂ ಮಾತು ಹೋಗಬಹುದು, ಓದದೇ ಇರುವವರು ಎಚ್ಚರವಾಗಿರಿ.

ತುದಿಬೆಂಚು

ಮೊದಲ ಸೀಸನ್ನಿನ 25 ಕಂತುಗಳ ನಿಧಾನ ಸರಿ. ಎರಡನೆಯ ಸೀಸನ್ನಿನ 12 ಕಂತುಗಳನ್ನು ನಾನು ಸಮರ್ಥಿಸಲಾರೆ. ಒಂದೇ ತಪ್ಪು ತಿಳಿವಳಿಕೆಯನ್ನು ಎಷ್ಟು ಸಲ ಮಗುಚಿ ಹಾಕುವುದು? ಎದುರಿಗೆ ನಿಂತು ಒಂದು ಮಾತು ಕೇಳಿದರೆ ಮುಗಿಯುವ ವಿಷಯ.

ಪುಟತಿರುವಿ

ತುದಿಬೆಂಚು ಅವರೇ, ಎದುರಿಗೆ ನಿಂತು ಕೇಳುತ್ತಾರಲ್ಲ! ಅದೇ ಅಲ್ಲವೇ ಆ ಭಾಗದ ವಿಶೇಷ? ಇಬ್ಬರೂ ಬಾಯಿಬಿಟ್ಟು ಇಷ್ಟವೆಂದೇ ಹೇಳುತ್ತಾರೆ. ಆದರೆ ‘ಅವನಂಥವನು ನನ್ನನ್ನು ಆ ಬಗೆಯಲ್ಲಿ ಇಷ್ಟಪಡಲು ಸಾಧ್ಯವೇ ಇಲ್ಲ’ ಎಂಬುದು ಸವಾಕೊಳ ಮನಸ್ಸಿನಲ್ಲಿ ಮೊದಲೇ ಕೂತಿದೆ. ‘ಅವಳಿಗೆ ನಾನೂ ಎಲ್ಲರ ಹಾಗೆ ಒಬ್ಬ’ ಎಂಬುದು ಕಾಜೆಹಾಯಾನ ಮನಸ್ಸಿನಲ್ಲಿ ಕೂತಿದೆ. ಪ್ರೇಮಿಗಳ ಅಮ್ಮನೋ ಖಳನಾಯಕನೋ ಬಂದು ಪತ್ರ ಬಚ್ಚಿಟ್ಟು ಹುಟ್ಟಿಸುವ ಗೊಂದಲ ಇದಲ್ಲ. ಇಬ್ಬರೂ ಸತ್ಯವನ್ನೇ ಹೇಳಿಯೂ ಕೇಳಿಸಿಕೊಳ್ಳಲಾರದೆ ಹೋಗುತ್ತಾರೆ.

ಇನ್ನೊಂದು ಮಾತು. ಇದು ‘ಬೆಸ್ಸಾತ್ಸು ಮಾರ್ಗರೆಟ್’ ಎಂಬ ಮಾಸಪತ್ರಿಕೆಯಲ್ಲಿ ಬಂದ ಕಥೆ. 2005ರಲ್ಲಿ ಒಂದೇ ಕಂತಿನ ಬಿಡಿ ಕಥೆಯಾಗಿ ಮೊದಲು ಪ್ರಕಟವಾಗಿ, ಮರುವರ್ಷದಿಂದ ಧಾರಾವಾಹಿಯಾಗಿ, 2017ರ ಕೊನೆಯವರೆಗೂ ನಡೆಯಿತು. ಪಾತ್ರಗಳ ಹೈಸ್ಕೂಲಿನ ಮೂರು ವರ್ಷವನ್ನು ಹೇಳಲು ಲೇಖಕಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. ತಿಂಗಳಿಗೊಮ್ಮೆ ನಲವತ್ತು ಚಿಲ್ಲರೆ ಪುಟ ಓದಿ, ಮುಂದಿನ ತಿಂಗಳವರೆಗೆ ಆ ಒಂದು ನೋಟವನ್ನೇ ಮೆಲುಕು ಹಾಕುತ್ತಿದ್ದ ಓದುಗರಿಗಾಗಿ ಕಟ್ಟಿದ ಲಯ ಅದು. ರಾತ್ರಿಯಿಡೀ ಕೂತು ಎಲ್ಲವನ್ನೂ ನೋಡಿ ಮುಗಿಸುವವರಿಗೆ ಅದು ಭಾರವಾಗುವುದು ಸಹಜ. ಅದರ ಹೊಣೆ ಮಾತ್ರ ಕಥೆಯದಲ್ಲ.

ತುದಿಬೆಂಚು

ಪುಟತಿರುವಿ ಅವರೇ, ಪತ್ರಿಕೆಯ ಲಯ ಪತ್ರಿಕೆಗೆ ಸರಿ. ಅನಿಮೆ ಮಾಡುವವರು ತಮ್ಮ ಮಾಧ್ಯಮಕ್ಕೆ ತಕ್ಕ ಲಯ ಹುಡುಕಿಕೊಳ್ಳಬೇಕು. ಎರಡನೆಯ ಸೀಸನ್ ಆರಂಭದಲ್ಲಿ ಹಿಂದಿನದನ್ನು ನೆನಪಿಸುವುದಕ್ಕೇ ಒಂದು ಇಡೀ ಕಂತು ಇಟ್ಟಿದ್ದಾರೆ. ಆಮೇಲೆ ವ್ಯಾಲೆಂಟೈನ್ ದಿನದ ಚಾಕೊಲೇಟ್. ಎಲ್ಲರಿಗೂ ಕೊಟ್ಟು ಅವನೊಬ್ಬನಿಗೆ ಕೊಡಲಾರದೆ ಉಳಿಸಿಕೊಂಡ ಆ ಚಾಕೊಲೇಟಿನ ನೆರಳು ಎಷ್ಟು ದೂರ ಚಾಚುತ್ತದೆ! ನನಗೆ ತಾಳ್ಮೆ ಉಳಿಯಲಿಲ್ಲ.

ಚೈತ್ರದ_ಚಿಗುರು

ಆ ಚಾಕೊಲೇಟ್ ಪ್ರಸಂಗವೇ ನನಗೆ ಅತ್ಯಂತ ಇಷ್ಟ. ಬೇರೆಯವರಿಗೆ ಕೊಟ್ಟದ್ದು ಸ್ನೇಹಕ್ಕೆ, ಇವನಿಗೆ ಕೊಟ್ಟರೆ ಅದು ಸ್ನೇಹವಲ್ಲ ಎಂದು ಅವಳಿಗೆ ಗೊತ್ತಿರುವುದರಿಂದಲೇ ಕೈ ಮುಂದೆ ಬರುವುದಿಲ್ಲ.

ರೀಲುಡಬ್ಬಿ

ಚಲನಚಿತ್ರದ ಪರವಾಗಿ ಯಾರೂ ಬಾಯಿ ತೆರೆಯುವ ಲಕ್ಷಣ ಕಾಣುತ್ತಿಲ್ಲ, ನಾನೇ ಹೇಳುತ್ತೇನೆ.

2010ರ ಸೆಪ್ಟೆಂಬರ್‌ನಲ್ಲಿ ಬಂದ ಚಿತ್ರ. ನಿರ್ದೇಶಕ ಕುಮಾಜಾವಾ ನಾವೊತೊ. ಸವಾಕೊ ಆಗಿ ತಾಬೆ ಮಿಕಾಕೊ, ಕಾಜೆಹಾಯಾ ಆಗಿ ಮಿಯುರಾ ಹಾರುಮಾ. ಎರಡು ಗಂಟೆಗೆ ಸ್ವಲ್ಪ ಹೆಚ್ಚು ಅವಧಿಯಲ್ಲಿ ಮೊದಲ ಭೇಟಿಯಿಂದ ಮನಸ್ಸು ಬಿಚ್ಚಿಕೊಳ್ಳುವವರೆಗೆ ತಲುಪಬೇಕು. ಕತ್ತರಿಸದೆ ಬೇರೆ ದಾರಿಯೇ ಇಲ್ಲ. ನೀಲಿಶಾಯಿ ಅವರ ಲೆಕ್ಕದಲ್ಲಿ ಕಾಲವನ್ನು ಕತ್ತರಿಸಿದ ಕೂಡಲೇ ಕಥೆ ಸತ್ತಿರಬೇಕು. ಸತ್ತಿಲ್ಲ! ಏಕೆಂದರೆ ಮಾಂಗಾ ಹತ್ತು ಪುಟಗಳಲ್ಲಿ ಮಾಡುವ ಕೆಲಸವನ್ನು ತಾಬೆ ಮಿಕಾಕೊ ಅವರ ಮುಖ ಮಾಡುತ್ತದೆ. ತಲೆ ಬಗ್ಗಿಸಿ, ಕೂದಲಿನ ಮರೆಯಿಂದ ಕಣ್ಣನ್ನಷ್ಟೇ ಮೇಲೆತ್ತಿ ನೋಡುವ ಆ ನೋಟ ಮೊದಲು ಎದುರಿನವರನ್ನು ಬೆಚ್ಚಿಸುತ್ತದೆ. ಚಿತ್ರ ಸಾಗಿದಂತೆ ಅದೇ ನೋಟದಲ್ಲಿ ಅಕ್ಕರೆ ಕಾಣತೊಡಗುತ್ತದೆ. ನಟಿ ಬದಲಾಯಿಸಿದ್ದು ಬಹಳ ಕಡಿಮೆ. ನೋಡುವ ನಮ್ಮ ಕಣ್ಣನ್ನು ಬದಲಾಯಿಸಿದರು. ಸವಾಕೊಳ ಸಹಪಾಠಿಗಳಿಗೂ ಆದದ್ದು ಅದೇ.

ಮಿಯುರಾ ಹಾರುಮಾ 2020ರ ಜುಲೈನಲ್ಲಿ, ಕೇವಲ 30ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಜೆಹಾಯಾನನ್ನು ಈಗ ನೋಡಿದರೆ ಗಂಟಲು ಕಟ್ಟುತ್ತದೆ. ಆ ಪಾತ್ರಕ್ಕೆ ಬೇಕಾದದ್ದು ಬೆಳಕಿನಂಥ ಸ್ವಭಾವ, ಅದು ಅವರಲ್ಲಿ ತಾನಾಗಿಯೇ ಇತ್ತು.

ಪುಟತಿರುವಿ

ತಾಬೆ ಅವರ ಬಗ್ಗೆ ನಿಮ್ಮ ಮಾತು ಪೂರಾ ಒಪ್ಪುತ್ತೇನೆ. ಆದರೆ ಆ ಚಿತ್ರದಲ್ಲಿ ಯೋಶಿದಾ ಚಿಜುರು, ಯಾನೋ ಅಯಾನೆ ಇಬ್ಬರೂ ನಾಯಕಿಯ ಗೆಳತಿಯರಾಗಿ ಮಾತ್ರ ಉಳಿಯುತ್ತಾರೆ. ಮಾಂಗಾದಲ್ಲಿ ಅವರದೇ ಬದುಕಿದೆ, ಅವರದೇ ದುಃಖವಿದೆ. ಚಿಜುರು ಚಿಕ್ಕಂದಿನಿಂದ ಪ್ರೀತಿಸಿದ್ದು ಪಕ್ಕದ ರಾಮೆನ್ ಅಂಗಡಿಯ ಹುಡುಗ ರ್ಯೂನ ಅಣ್ಣನನ್ನು. ಆ ಅಣ್ಣ ಊರಿಗೆ ಬರುವುದೇ ಮದುವೆ ನಿಶ್ಚಯವಾದ ಹುಡುಗಿಯನ್ನು ಕರೆದುಕೊಂಡು. ಅತ್ತ ರ್ಯೂ ಚಿಜುರುವನ್ನು ಮೊದಲಿನಿಂದಲೂ ಪ್ರೀತಿಸುತ್ತಾ, ಅವಳು ತನ್ನ ಅಣ್ಣನಿಗಾಗಿ ಅಳುವುದನ್ನು ನೋಡುತ್ತಾ ಪಕ್ಕದಲ್ಲಿ ನಿಂತಿರುತ್ತಾನೆ. ಅನಿಮೆಯ ಮೊದಲ ಸೀಸನ್ ಈ ಭಾಗಕ್ಕೆ ಕೊಟ್ಟ ಜಾಗವೇ ಅದರ ದೊಡ್ಡತನ.

ಹೈಸ್ಕೂಲ್_ಮೇಷ್ಟ್ರು

ನನ್ನ ತರಗತಿಯ ಹೆಣ್ಣುಮಕ್ಕಳು ಚರ್ಚಿಸುವುದನ್ನು ಕೇಳಿ ಇದನ್ನು ನೋಡಿದವನು ನಾನು. ಒಬ್ಬ ಶಿಕ್ಷಕನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರೀತಿಗಿಂತ ಮೊದಲು ಬರುವ ಎರಡು ದೃಶ್ಯಗಳು.

ಒಂದು, ಜಾಗ ಬದಲಾವಣೆ. ಜಪಾನಿನ ಶಾಲೆಗಳಲ್ಲಿ ಆಗಾಗ ಚೀಟಿ ಎತ್ತಿ ಕೂರುವ ಜಾಗ ಬದಲಾಯಿಸುತ್ತಾರೆ. ಸವಾಕೊಳ ಪಕ್ಕದ ಜಾಗ ಯಾರಿಗೆ ಬರುತ್ತದೋ ಎಂದು ತರಗತಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತದೆ. ಅವಳಿಗೆ ಸಿಟ್ಟು ಬರುವುದಿಲ್ಲ. ತನ್ನಿಂದ ಎಲ್ಲರಿಗೂ ಮುಜುಗರವಾಯಿತಲ್ಲ ಎಂದು ಅವಳೇ ಕುಗ್ಗುತ್ತಾಳೆ. ಆಗ ಕಾಜೆಹಾಯಾ ಬಂದು ಪಕ್ಕದಲ್ಲಿ ಕೂರುತ್ತಾನೆ. ಚಿಜುರು, ಅಯಾನೆ, ರ್ಯೂ ಕೂಡ ಸುತ್ತ ಬಂದು ಸೇರುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಮರುದಿನದಿಂದ ತರಗತಿಯ ನಕ್ಷೆ ಬೇರೆಯಾಗಿರುತ್ತದೆ.

ಎರಡು, ಬೇಸಿಗೆಯಲ್ಲಿ ನಡೆಯುವ ಧೈರ್ಯ ಪರೀಕ್ಷೆಯ ಆಟ. ದೆವ್ವದ ವೇಷ ಹಾಕಲು ಸವಾಕೊ ತಾನೇ ಮುಂದೆ ಬರುತ್ತಾಳೆ, ಕೊನೆಗೂ ತರಗತಿಗೆ ನನ್ನಿಂದ ಒಂದು ಉಪಯೋಗವಾಯಿತು ಎಂಬ ಸಂತೋಷದಿಂದ. ಅಡ್ಡಹೆಸರಿನಿಂದ ಕರೆಸಿಕೊಂಡ ಮಗು ಆ ಹೆಸರಿಗೇ ತಕ್ಕಂತೆ ನಡೆದು ಎಲ್ಲರನ್ನೂ ಮೆಚ್ಚಿಸಲು ನೋಡುವುದನ್ನು ನಾನು ಶಾಲೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ‘ಅವನಿಗೇನೂ ಬೇಸರವಿಲ್ಲ ಸರ್, ಅವನೇ ನಗುತ್ತಾನೆ’ ಎಂದು ಉಳಿದ ಮಕ್ಕಳು ಹೇಳುತ್ತಾರೆ. ಆ ನಗುವಿನ ಹಿಂದೆ ಏನಿದೆ ಎಂದು ಲೇಖಕಿಗೆ ಗೊತ್ತಿದೆ.

ಅಮ್ಮನ_ಡೈರಿ

ಮೇಷ್ಟ್ರೇ, ಇದನ್ನು ಓದಿ ಕಣ್ಣು ತುಂಬಿತು. ನನ್ನ ಮಗಳು ಹತ್ತನೆಯ ತರಗತಿ. ಅವಳ ಜೊತೆ ಕೂತು ನೋಡಬೇಕೆಂದಿದ್ದೇನೆ. ಮನೆಯವರೆಲ್ಲ ಸೇರಿ ನೋಡಬಹುದೇ? ಯಾವುದರಿಂದ ಆರಂಭಿಸಲಿ?

ಚೈತ್ರದ_ಚಿಗುರು

ಅಕ್ಕ, ನಿಶ್ಚಿಂತೆಯಿಂದ ನೋಡಿ. ಮೊದಲ ಸೀಸನ್ನಿನಲ್ಲಿ ಕೈ ಹಿಡಿಯುವುದೇ ದೊಡ್ಡ ಘಟನೆ. 2009ರ ಅನಿಮೆಯಿಂದ ಶುರು ಮಾಡಿ. ಸವಾಕೊಳ ಅಪ್ಪ ಅಮ್ಮ ನಿಮಗೆ ಬಹಳ ಹಿಡಿಸುತ್ತಾರೆ. ಮಗಳಿಗೆ ಗೆಳತಿಯರು ಸಿಕ್ಕಿದರು ಎಂದು ಆ ಅಪ್ಪ ಪಡುವ ಸಂಭ್ರಮ ನೋಡಬೇಕು.

ಸಪ್ಪೊರೊ_ಕನ್ನಡಿಗ

ನಾನು ಕೆಲಸದ ಮೇಲೆ ಹೊಕ್ಕೈದೊದಲ್ಲಿದ್ದೇನೆ, ಹಾಗಾಗಿ ಕಥೆ ನಡೆಯುವ ಜಾಗದ ಬಗ್ಗೆ ನಾಲ್ಕು ಮಾತು.

ಲೇಖಕಿ ಹೊಕ್ಕೈದೊದವರೇ. ಕಥೆಯ ತುಂಬಾ ಈ ಊರಿನ ಚಳಿ ಇದೆ. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭ. ತೋಕಿಯೊ ಕಡೆ ಆಗ ಚೆರ್ರಿ ಹೂ ಅರಳಿರುತ್ತದೆ, ಅದಕ್ಕೇ ಹೈಸ್ಕೂಲು ಕಥೆಗಳ ಮೊದಲ ಭೇಟಿ ಹೂವಿನ ಮಳೆಯಲ್ಲಿ ನಡೆಯುವುದು. ಇಲ್ಲಿ ಏಪ್ರಿಲ್ ಆರಂಭದಲ್ಲಿ ರಸ್ತೆಯ ಬದಿಗೆ ಗುಡ್ಡೆ ಹಾಕಿದ ಹಿಮ ಇನ್ನೂ ಕರಗಿರುವುದಿಲ್ಲ. ಹೂ ಬರುವುದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಬೇಸಿಗೆ ರಜೆ ಚಿಕ್ಕದು, ಚಳಿಗಾಲದ ರಜೆ ದೊಡ್ಡದು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರ್‌ನಲ್ಲಿ, ಹೆಜ್ಜೆ ಜಾರದ ಹಾಗೆ ಹಿಮದ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಶಾಲೆಯಿಂದ ಹೊರಡುವ ಮಕ್ಕಳನ್ನು ನೋಡುವಾಗ, ಈ ಕಥೆಯಲ್ಲಿ ‘ಜೊತೆಯಾಗಿ ಮನೆಗೆ ಹೋಗೋಣವೇ’ ಎಂದು ಕೇಳುವುದಕ್ಕೆ ಏಕೆ ಅಷ್ಟು ತೂಕ ಎಂದು ತಿಳಿಯುತ್ತದೆ. ಆ ಚಳಿಯಲ್ಲಿ ಸುಮ್ಮನೆ ನಿಂತು ಹರಟೆ ಹೊಡೆಯಲು ಆಗುವುದಿಲ್ಲ. ಯಾರಾದರೂ ನಿಮಗಾಗಿ ಕಾಯುತ್ತಾ ನಿಂತಿದ್ದಾರೆ ಎಂದರೆ ಅದು ಚಿಕ್ಕ ಸಂಗತಿಯಲ್ಲ.

ಸವಾಕೊಳ ಹುಟ್ಟಿದ ದಿನ ಡಿಸೆಂಬರ್ 31. ಆ ರಾತ್ರಿ ಹೊಸ ವರ್ಷದ ದೇವಸ್ಥಾನ ಭೇಟಿಗೆ ಅವರು ಹೊರಡುವ ಕಂತನ್ನು ಇಲ್ಲಿಯ ಚಳಿಗಾಲದಲ್ಲಿ ನೋಡಿದೆ. ಅದರ ಸುಖವೇ ಬೇರೆ.

ರೀಲುಡಬ್ಬಿ

ಸಪ್ಪೊರೊ ಅವರೇ, ಇಷ್ಟು ಚೆನ್ನಾಗಿ ಬರೆದಿದ್ದೀರಿ. ಅಲ್ಲಿಯ ಶಾಲೆಗಳ ಬಗ್ಗೆ ಇನ್ನೂ ಬರೆಯಿರಿ. ಮಕ್ಕಳೇ ತರಗತಿ ಗುಡಿಸುವುದು ನಿಜವೇ?

ಸಪ್ಪೊರೊ_ಕನ್ನಡಿಗ

ನಿಜ. ಪಾಠ ಮುಗಿದ ಮೇಲೆ ಮಕ್ಕಳೇ ಸರದಿಯ ಮೇಲೆ ಗುಡಿಸಿ ಒರೆಸುತ್ತಾರೆ. ಬಾಗಿಲ ಬಳಿ ಬೂಟು ಬಿಚ್ಚಿಟ್ಟು ಒಳಗಿನ ಪಾದರಕ್ಷೆ ಹಾಕಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಗೂಡು. ಎಲ್ಲ ಹೈಸ್ಕೂಲು ಕಥೆಗಳಲ್ಲೂ ಪತ್ರ ಸಿಗುವುದು, ಕಾದು ನಿಲ್ಲುವುದು, ಎದುರಾಗುವುದು ಆ ಗೂಡುಗಳ ಹತ್ತಿರವೇ. ಸವಾಕೊ ಯಾರೂ ಹೇಳದಿದ್ದರೂ ಶಾಲೆಯ ಹೂವಿನ ಪಾತಿ ನೋಡಿಕೊಳ್ಳುತ್ತಾಳಲ್ಲ, ಅದೂ ಈ ವಾತಾವರಣದ ಭಾಗ.

ತುದಿಬೆಂಚು

ಮಾತು ಹಿಮದಲ್ಲಿ ಕಳೆದುಹೋಗುವ ಮುನ್ನ ಮೂರನೆಯ ಸೀಸನ್ನಿಗೆ ಬರೋಣ. ಹದಿಮೂರು ವರ್ಷ ಕಾಯಿಸಿ, ಬೇರೆ ಕಂಪನಿಗೆ ಕೊಟ್ಟು, ಬರೀ ಐದು ಕಂತಿನಲ್ಲಿ ಮುಗಿಸಿದ್ದಾರೆ. ನಿಧಾನವೇ ಜೀವ ಎನ್ನುವ ನೀಲಿಶಾಯಿ ಅವರಿಗೆ ಇದು ಹೇಗೆ ಕಂಡಿತು?

ಚೈತ್ರದ_ಚಿಗುರು

ಬೇರೆ ಕಂಪನಿ ಅಲ್ಲ. ಮೂರೂ ಸೀಸನ್ ಪ್ರೊಡಕ್ಷನ್ ಐ.ಜಿ. ಅವರದೇ. 2024ರ ಆಗಸ್ಟ್ 1ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕಂತು ಐದೇ ಆದರೂ ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆಯದು. ಹಳೆಯ ಲೆಕ್ಕದಲ್ಲಿ ಹನ್ನೆರಡು ಕಂತಿನಷ್ಟು ಆಗುತ್ತದೆ. ಸವಾಕೊಳ ದನಿ ಅದೇ ನೊತೊ ಮಾಮಿಕೊ, ಕಾಜೆಹಾಯಾನ ದನಿ ಅದೇ ನಾಮಿಕಾವಾ ದೈಸುಕೆ.

ನೀಲಿಶಾಯಿ

ಚಿಗುರು ಅವರಿಗೆ ಧನ್ಯವಾದ. ತುದಿಬೆಂಚು ಅವರೇ, ಕಂತುಗಳ ಉದ್ದ ನನಗೆ ಹಿಡಿಸಿತು. ಒಂದು ಗಂಟೆ ಸಿಕ್ಕರೆ ಒಂದು ದಿನದ ಬೆಳಗು, ಮಧ್ಯಾಹ್ನ, ಸಂಜೆ ಮೂರನ್ನೂ ಒಂದೇ ಉಸಿರಿನಲ್ಲಿ ತೋರಿಸಬಹುದು. ಬೇಸರವಾದದ್ದು ಬೇರೆ. ಮೂರನೆಯ ಸೀಸನ್ನಿನ ಹೊತ್ತಿಗೆ ಜೋಡಿ ಒಂದಾಗಿದೆ. ಎಷ್ಟೋ ಕಥೆಗಳು ನಿಲ್ಲುವುದೇ ಅಲ್ಲಿ. ಶೀನಾ ಅವರು ನಿಲ್ಲಿಸಲಿಲ್ಲ. ಒಂದಾದ ಮೇಲೆ ಮತ್ತೆ ಹೆದರಿಕೆ ಶುರು: ಮುಟ್ಟಬಹುದೇ, ಕೇಳಬಹುದೇ, ಮನೆಯವರಿಗೆ ಹೇಗೆ ಹೇಳುವುದು. ಅದರ ಜೊತೆಗೆ ಚಿಜುರು ಮತ್ತು ರ್ಯೂ, ಅಯಾನೆ ಮತ್ತು ಅವಳನ್ನು ಪ್ರೀತಿಸುವ ಸಹಪಾಠಿ ಕೆಂತೊ. ಮೂರು ಎಳೆಗಳೂ ಮಾಂಗಾದಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತಾ ಹೋಗುತ್ತವೆ. ಐದು ಕಂತಿನಲ್ಲಿ ಅಯಾನೆಯ ಎಳೆಗೆ ಉಸಿರಾಡಲು ಜಾಗ ಸಾಲಲಿಲ್ಲ ಎಂಬುದು ನನ್ನ ಕೊರಗು.

ಪುಟತಿರುವಿ

ಅಯಾನೆಯ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಎಲ್ಲರಿಗೂ ಪ್ರೇಮದ ಬುದ್ಧಿ ಹೇಳುವವಳು ಅವಳು. ಮುಖಕ್ಕೆ ಬಣ್ಣ, ಕಿವಿಗೆ ಓಲೆ, ಬಾಯಲ್ಲಿ ಉತ್ತರ ಸದಾ ಸಿದ್ಧ. ಒಳಗೆ ನೋಡಿದರೆ ‘ನಾನು ಯಾರನ್ನೂ ನಿಜವಾಗಿ ಪ್ರೀತಿಸಲಾರೆನೇನೋ’ ಎಂಬ ಭಯ. ಕೆಂತೊ ಅವಳನ್ನು ಸುಖವಾಗಿಯೇ ಇಡುತ್ತಾನೆ. ಅಷ್ಟಾದರೂ ಅವಳು ಅವನನ್ನು ಬಿಡುತ್ತಾಳೆ, ಏಕೆಂದರೆ ಅವನ ಪ್ರೀತಿಗೆ ಸಮನಾದದ್ದನ್ನು ತಾನು ಕೊಡುತ್ತಿಲ್ಲ ಎಂದು ಅವಳಿಗೆ ಗೊತ್ತು. ಹದಿಹರೆಯದ ಕಥೆಗಳಲ್ಲಿ ಇಂಥ ಪ್ರಾಮಾಣಿಕತೆಯನ್ನು ನಾನು ಹೆಚ್ಚು ಕಂಡಿಲ್ಲ.

ಹೈಸ್ಕೂಲ್_ಮೇಷ್ಟ್ರು

ಆಮೇಲೆ ಅವಳ ಮನಸ್ಸು ಹೋಗುವುದು ಶಿಕ್ಷಕ ಪಿನ್ ಕಡೆಗೆ. ಇಲ್ಲಿ ನನ್ನ ತಕರಾರು ಇದೆ, ಬಲವಾಗಿಯೇ ಇದೆ. ಶಾಲೆಯ ಶಿಕ್ಷಕನನ್ನು ವಿದ್ಯಾರ್ಥಿನಿಯ ಪ್ರೇಮಕಥೆಯೊಳಗೆ ತರಬಾರದಿತ್ತು. ಎಳೆಯ ಓದುಗರು ಇದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಯೋಚಿಸಬೇಕು.

ಕುರುಮಿಪಕ್ಷ

ಮೇಷ್ಟ್ರೇ, ಆದರೆ ಪಿನ್ ಒಂದು ಹೆಜ್ಜೆಯನ್ನೂ ತಪ್ಪಾಗಿ ಇಡುವುದಿಲ್ಲವಲ್ಲ. ಅವಳು ಓದಿನ ವಿಷಯದಲ್ಲಿ ಕಡಿಮೆಗೆ ತೃಪ್ತಳಾಗಲು ಹೊರಟಾಗ ಗದರಿಸಿ ಮುಂದಕ್ಕೆ ದೂಡುವವನು ಅವನು. ಅವಳು ತೋಕಿಯೊಗೆ ಹೋಗುತ್ತಾಳೆ. ಕಥೆ ಅವರಿಬ್ಬರನ್ನು ಜೋಡಿ ಮಾಡುವುದಿಲ್ಲ.

ಹೈಸ್ಕೂಲ್_ಮೇಷ್ಟ್ರು

ಅವನ ನಡತೆ ಸರಿಯಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಥೆಗಾರ್ತಿ ಆ ಸಾಧ್ಯತೆಯನ್ನು ಮಧುರವಾಗಿ ಚಿತ್ರಿಸಿದ್ದಕ್ಕೆ ನನ್ನ ವಿರೋಧ. ಅದು ಹಾಗೆಯೇ ಇರುತ್ತದೆ.

ಪುಟತಿರುವಿ

ಹುಡುಗಿಯ ಕಡೆಯಿಂದ ನೋಡಿದರೆ ಅದು ಮಧುರವಾಗಿಯೇ ಇರುತ್ತದೆ, ನೋವಾಗಿಯೂ ಇರುತ್ತದೆ. ಅವಳೊಳಗಿನದನ್ನು ಮುಚ್ಚಿಟ್ಟರೆ ಅದು ಸುಳ್ಳು. ದೊಡ್ಡವನಾದವನು ಏನು ಮಾಡಬೇಕು ಎಂಬುದನ್ನು ಪಿನ್ ಮಾಡಿ ತೋರಿಸಿದ್ದಾನೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವಂತೆ ಕಾಣುವುದಿಲ್ಲ, ಮೇಷ್ಟ್ರೇ.

ಅಮ್ಮನ_ಡೈರಿ

ನನಗೆ ಮೇಷ್ಟ್ರ ಮಾತು ಸರಿ ಎನಿಸುತ್ತದೆ. ಆ ಭಾಗ ಬಂದಾಗ ಮಗಳ ಜೊತೆ ಕೂತು ಮಾತನಾಡುತ್ತೇನೆ.

ತುದಿಬೆಂಚು

ಧಾರಾವಾಹಿಯನ್ನು ಯಾರೂ ಮುಟ್ಟಲೇ ಇಲ್ಲ.

ರೀಲುಡಬ್ಬಿ

2023ರ ಮಾರ್ಚ್ ಕೊನೆಯಲ್ಲಿ ಬಂದದ್ದು, 12 ಕಂತು. ಸವಾಕೊ ಪಾತ್ರದಲ್ಲಿ ಮಿನಾಮಿ ಸಾರಾ, ಕಾಜೆಹಾಯಾ ಪಾತ್ರದಲ್ಲಿ ಸುಜುಕಾ ಓಜಿ. ಸಮಯ ಸಾಕಷ್ಟಿದೆ, ಗೆಳತಿಯರ ಕಥೆಗೂ ಜಾಗವಿದೆ, ಹಾಗಾಗಿ ಚಲನಚಿತ್ರಕ್ಕಿಂತ ಮಾಂಗಾಕ್ಕೆ ಹತ್ತಿರ. ನನಗೆ ತೃಪ್ತಿಯಾಗದ ಕಾರಣ ಒಂದೇ: ಬೆಳಕು. ಎಲ್ಲವೂ ತೊಳೆದಿಟ್ಟಂತೆ ಬೆಳ್ಳಗೆ, ಹೊಳಪಾಗಿ ಇದೆ. ಸವಾಕೊಳನ್ನು ಕಂಡು ಯಾರಾದರೂ ಹೆದರಬೇಕಾದರೆ ಎಲ್ಲೋ ಒಂದು ಕಡೆ ನೆರಳು ಬೇಡವೇ? ಮಿನಾಮಿ ಸಾರಾ ಅವರನ್ನು ನೋಡಿ ಇಡೀ ತರಗತಿ ಓಡುತ್ತದೆ ಎಂದರೆ ನಂಬಿಕೆ ಬರುವುದಿಲ್ಲ.

ಚೈತ್ರದ_ಚಿಗುರು

ಆದರೆ ನಿಜವಾದ ತರಗತಿಗಳಲ್ಲಿ ಹಾಗೆಯೇ ಆಗುವುದು. ಹೆದರಲು ಕಾರಣವೇ ಇರುವುದಿಲ್ಲ. ಯಾರೋ ಒಬ್ಬರು ಒಂದು ಮಾತು ಹಬ್ಬಿಸುತ್ತಾರೆ, ಉಳಿದವರು ನೋಡದೆ ನಂಬುತ್ತಾರೆ. ಮಿನಾಮಿ ಸಾರಾ ಅವರ ಸವಾಕೊ ಸಾಧಾರಣವಾಗಿ ಕಾಣುವುದರಿಂದ ನನಗೆ ಇನ್ನೂ ಹೆಚ್ಚು ಸಂಕಟವಾಯಿತು.

ಪುಟತಿರುವಿ

ಚಿಗುರು ಅವರ ಮಾತು ಯೋಚಿಸುವಂಥದ್ದು. ಆದರೂ ನನ್ನ ಪ್ರಕಾರ ಮನುಷ್ಯರು ನಟಿಸುವ ಯಾವ ರೂಪಕ್ಕೂ ದಾಟಲಾಗದ ಒಂದು ಅಡ್ಡಿ ಇದೆ. ಈ ಮಾಂಗಾದ ಅರ್ಧದಷ್ಟು ಮಾತು ನಡೆಯುವುದು ಸಂಭಾಷಣೆಯ ಗುಳ್ಳೆಗಳ ಹೊರಗೆ. ಬಿಳಿ ಹಾಳೆಯ ಮೇಲೆ, ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ, ಸವಾಕೊಳ ಯೋಚನೆ ಚೂರು ಚೂರಾಗಿ ಬಿದ್ದಿರುತ್ತದೆ. ಒಂದು ಪುಟದಲ್ಲಿ ಕಾಜೆಹಾಯಾನ ಮುಖ ಅರ್ಧ ಮಾತ್ರ, ಪಕ್ಕದಲ್ಲಿ ಅವಳ ಒಂದು ಸಾಲು, ಮಿಕ್ಕದ್ದೆಲ್ಲ ಬಿಳಿ. ಎಷ್ಟು ಹೊತ್ತು ಅಲ್ಲಿ ನಿಲ್ಲಬೇಕೆಂದು ಓದುವವರೇ ತೀರ್ಮಾನಿಸುತ್ತಾರೆ. ಚಲನಚಿತ್ರದಲ್ಲಿ ಅದನ್ನು ಹಿನ್ನೆಲೆಯ ದನಿಯಾಗಿ ಓದಿಸಿದರೆ ವಿವರಣೆಯಾಗುತ್ತದೆ, ಬಿಟ್ಟುಬಿಟ್ಟರೆ ಅವಳು ಮೂಕಿಯಾಗುತ್ತಾಳೆ.

ಅನಿಮೆ ಇದಕ್ಕೆ ಎರಡು ದಾರಿ ಕಂಡುಕೊಂಡಿತು. ಒಂದು, ಜಲವರ್ಣದ ಹಾಗೆ ಅಂಚಿಲ್ಲದ ತೆಳು ಬಣ್ಣದ ಹಿನ್ನೆಲೆ. ಅವಳ ಯೋಚನೆ ಬಂದಾಗ ಗೋಡೆ, ಮೇಜು, ಕಿಟಕಿ ಎಲ್ಲ ಕರಗಿ ಬರೀ ಬಣ್ಣ ಉಳಿಯುತ್ತದೆ. ಇನ್ನೊಂದು, ಸವಾಕೊಳನ್ನು ದುಂಡು ತಲೆ, ಚುಕ್ಕಿ ಕಣ್ಣಿನ ಪುಟ್ಟ ಗೊಂಬೆಯಾಗಿ ಬರೆಯುವುದು. ನಿಮಿಷಗಟ್ಟಲೆ ಅದೇ ರೂಪದಲ್ಲಿದ್ದು, ಏನೋ ಒಂದು ಮಾತು ಮನಸ್ಸಿಗೆ ತಟ್ಟಿದಾಗ ಥಟ್ಟನೆ ಪೂರ್ಣ ಮುಖ, ಪೂರ್ಣ ಕಣ್ಣು. ಆ ಬದಲಾವಣೆಯನ್ನು ಯಾವ ನಟಿಯೂ ಮಾಡಲಾರರು.

ಚೈತ್ರದ_ಚಿಗುರು

ದನಿಯ ವಿಷಯ ಬಿಡಬೇಡಿ. ನೊತೊ ಮಾಮಿಕೊ ಅವರು ಇದಕ್ಕೂ ಮುನ್ನ ‘ಜಿಗೊಕು ಶೋಜೊ’ ಅನಿಮೆಯಲ್ಲಿ ಜನರನ್ನು ನರಕಕ್ಕೆ ಕಳಿಸುವ ಎನ್ಮಾ ಐ ಪಾತ್ರಕ್ಕೆ ದನಿ ಕೊಟ್ಟವರು. ಅದೇ ಮೆಲುದನಿ ಅಲ್ಲಿ ಬೆನ್ನಹುರಿ ನಡುಗಿಸುತ್ತದೆ, ಇಲ್ಲಿ ಎದೆ ಕರಗಿಸುತ್ತದೆ. ಸವಾಕೊಳ ಕಥೆಗೆ ಇದಕ್ಕಿಂತ ಒಪ್ಪುವ ಆಯ್ಕೆ ಇಲ್ಲ.

ತುದಿಬೆಂಚು

ಇದು ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೂ ಅದೇ ಪ್ರೊಡಕ್ಷನ್ ಐ.ಜಿ. ಅವರು 2014ರಲ್ಲಿ ‘ಆವೊ ಹಾರು ರೈಡ್’ ಮಾಡಿದಾಗ 12 ಕಂತಿಗೆ ನಿಲ್ಲಿಸಿದರು, ಕಥೆ ಅರ್ಧದಲ್ಲೇ ಉಳಿಯಿತು. ಇದಕ್ಕೂ ಮೂರನೆಯ ಸೀಸನ್ ಬರದೇ ಹೋಗಿದ್ದರೆ ನೀವೆಲ್ಲ ಈ ನಿಧಾನವನ್ನು ಹೀಗೆ ಹೊಗಳುತ್ತಿದ್ದಿರಾ? ನಿಧಾನ ಹೇಳುವವರಿಗೆ ಮುಗಿಸುವ ಹೊಣೆಯೂ ಇರಬೇಕು.

ನೀಲಿಶಾಯಿ

ಆ ಹೊಣೆಯನ್ನು ಲೇಖಕಿ ಹೊತ್ತಿದ್ದಾರೆ, ಮುಗಿಸಿದ್ದಾರೆ. ತೆರೆಗೆ ತಂದವರು ಅರ್ಧಕ್ಕೆ ನಿಲ್ಲಿಸಿದ್ದರೆ ದೂರು ಅವರ ಮೇಲೆ.

ಕುರುಮಿಪಕ್ಷ

ಇಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ, ಯಾರೂ ಕುರುಮಿಯ ಹೆಸರೆತ್ತಲಿಲ್ಲ!

ಕುರುಮಿಜಾವಾ ಉಮೆ. ತನ್ನ ಹೆಸರಿನ ಉಮೆ ಎಂಬ ಭಾಗ ಅವಳಿಗೆ ಸಹಿಸದು, ಅದಕ್ಕೆ ಎಲ್ಲರೂ ಕುರುಮಿ ಎನ್ನುತ್ತಾರೆ. ಗೊಂಬೆಯಂಥ ರೂಪ, ಸಿಹಿ ಮಾತು. ಕಾಜೆಹಾಯಾನನ್ನು ಸವಾಕೊಗಿಂತ ಬಹಳ ಮೊದಲಿನಿಂದ ಪ್ರೀತಿಸಿದವಳು. ಸವಾಕೊಳ ಹೆಸರಿನಲ್ಲಿ ಅಯಾನೆ, ಚಿಜುರು ಅವರ ಬಗ್ಗೆ ಕೊಳಕು ವದಂತಿ ಹಬ್ಬಿಸಿದವಳೂ ಅವಳೇ. ಅದು ಹೇಯ ಕೆಲಸ, ನಾನು ಸಮರ್ಥಿಸುವುದಿಲ್ಲ. ಆದರೆ ನೀಲಿಶಾಯಿ ಅವರ ಪ್ರಶ್ನೆಗೆ ಉತ್ತರ ಇರುವುದು ಅವಳಲ್ಲಿ. ಬೇರೆ ಲೇಖಕರಾಗಿದ್ದರೆ ಕ್ರೀಡಾಕೂಟದ ದಿನ ಅವಳ ಬಣ್ಣ ಬಯಲಾದ ಕೂಡಲೇ ಅವಳನ್ನು ಕಥೆಯಿಂದ ಹೊರಗೆ ಹಾಕುತ್ತಿದ್ದರು. ಶೀನಾ ಅವರು ಅವಳನ್ನು ಕೊನೆಯವರೆಗೂ ಕರೆತಂದರು. ಸವಾಕೊಳನ್ನು ‘ಸದಾಕೊ’ ಎಂದು ನೋಡದೆ, ಸಮಬಲದ ಎದುರಾಳಿಯಾಗಿ ನೋಡಿದ ಮೊದಲ ಹುಡುಗಿ ಕುರುಮಿ. ಸಹಾನುಭೂತಿ ಅಲ್ಲ, ಕರುಣೆ ಅಲ್ಲ, ನೇರ ಸ್ಪರ್ಧೆ. ಸವಾಕೊ ಅದಕ್ಕಾಗಿಯೇ ಅವಳನ್ನು ಗೌರವಿಸುತ್ತಾಳೆ. ಕೊನೆಗೆ ಇಬ್ಬರೂ ಒಟ್ಟಿಗೆ ಕೂತು ಓದಿ, ಶಿಕ್ಷಕರಾಗಲು ಒಂದೇ ವಿಶ್ವವಿದ್ಯಾಲಯ ಸೇರುತ್ತಾರೆ. ಇಂಥ ಹಗೆ ಇಂಥ ಸ್ನೇಹವಾಗಬೇಕಾದರೆ ಎರಡು ಗಂಟೆಯ ಚಿತ್ರ ಸಾಲುವುದಿಲ್ಲ, ಐದು ಕಂತೂ ಸಾಲುವುದಿಲ್ಲ. ತುದಿಬೆಂಚು ಅವರೇ, ನಿಧಾನ ಏಕೆ ಬೇಕು ಎಂದರೆ ಇದಕ್ಕೆ.

ರೀಲುಡಬ್ಬಿ

ಚಿತ್ರದಲ್ಲಿ ಕಿರಿತಾನಿ ಮಿರೇಯಿ ಆ ಪಾತ್ರವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅಲ್ಲಿ ಅವಳು ಅಡ್ಡ ಬರುವವಳು ಮಾತ್ರ. ಈ ಒಂದು ವಿಷಯದಲ್ಲಿ ನಿಮ್ಮ ಕಡೆಗೇ ನನ್ನ ಮತ.

ಹೈಸ್ಕೂಲ್_ಮೇಷ್ಟ್ರು

ವದಂತಿಯ ಆ ಭಾಗದಲ್ಲಿ ಶಾಲೆಯ ಶೌಚಾಲಯದ ದೃಶ್ಯವಿದೆಯಲ್ಲ, ಅದನ್ನು ನನ್ನ ವಿದ್ಯಾರ್ಥಿಗಳಿಗೆ ಕಥೆಯಾಗಿ ಹೇಳಿದ್ದೇನೆ. ಗೆಳತಿಯರ ಬಗ್ಗೆ ಕೆಟ್ಟದಾಗಿ ಆಡಿದ ಹುಡುಗಿಯರ ಎದುರು ಸವಾಕೊ ಒಬ್ಬಳೇ ನಿಂತು, ಆ ಮಾತು ಹಿಂತೆಗೆದುಕೊಳ್ಳಿ ಎನ್ನುತ್ತಾಳೆ. ತನ್ನ ಮೇಲೆ ಬಂದ ಮಾತನ್ನೆಲ್ಲ ನುಂಗಿದವಳು, ಬೇರೆಯವರ ಮೇಲೆ ಬಂದ ಮಾತನ್ನು ನುಂಗುವುದಿಲ್ಲ. ಆ ಹೊತ್ತಿಗೆ ಚಿಜುರು, ಅಯಾನೆ ಬರುತ್ತಾರೆ. ಆಮೇಲೆ ಚಿಜುರು ಹೇಳುವ ಮಾತಿನ ಸಾರ ಇಷ್ಟು: ಸ್ನೇಹಕ್ಕೆ ಅರ್ಜಿ ಹಾಕುವುದಿಲ್ಲ, ಗಮನಕ್ಕೆ ಬರುವ ಹೊತ್ತಿಗೆ ನಾವು ಸ್ನೇಹಿತರಾಗಿ ಬಿಟ್ಟಿರುತ್ತೇವೆ. ಕೇಳಿದ ಮಕ್ಕಳು ಬಹಳ ಹೊತ್ತು ಮಾತನಾಡಿದರು.

ನೀಲಿಶಾಯಿ

ಮೇಷ್ಟ್ರೇ, ನನ್ನ ಮಟ್ಟಿಗೆ ಇಡೀ ಕಥೆಯ ಅತಿ ದೊಡ್ಡ ಪ್ರೇಮದೃಶ್ಯ ಅದೇ, ಕಾಜೆಹಾಯಾ ಅಲ್ಲಿ ಕೇಂದ್ರದಲ್ಲಿ ಇಲ್ಲದಿದ್ದರೂ. ಈ ಮೂವರು ಹುಡುಗಿಯರ ಸ್ನೇಹ ನಿಂತ ಮೇಲೆಯೇ ಸವಾಕೊಗೆ ಪ್ರೀತಿಸುವ ಧೈರ್ಯ ಬಂದದ್ದು. ಆ ಕ್ರಮವನ್ನು ತಿರುಗುಮುರುಗು ಮಾಡಿದ ಯಾವ ರೂಪವೂ ನನಗೆ ಪೂರ್ಣ ಎನಿಸುವುದಿಲ್ಲ. ಅದಕ್ಕೇ ನನ್ನ ಮತ ಮೊದಲ ಸೀಸನ್ನಿಗೆ.

ತುದಿಬೆಂಚು

ಮೊದಲ ಸೀಸನ್ನಿಗೆ ನನ್ನದೂ ಮತ, ಅದನ್ನು ಆರಂಭದಲ್ಲೇ ಹೇಳಿದ್ದೇನೆ. ಎರಡನೆಯದರ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಶಾಲಾ ಉತ್ಸವದ ಕಂತುಗಳು ಚೆನ್ನಾಗಿವೆ, ಅಲ್ಲಿಗೆ ಬರುವ ದಾರಿ ಉದ್ದವಾಯಿತು.

ಪುಟತಿರುವಿ

ಹಾಗಾದರೆ ಆ ಭಾಗವನ್ನು ಮಾಂಗಾದಲ್ಲಿ ಓದಿ, ತುದಿಬೆಂಚು ಅವರೇ. ವೇಗ ನಿಮ್ಮ ಕೈಯಲ್ಲಿರುತ್ತದೆ. ವಿಜ್ ಮೀಡಿಯಾದವರ ಇಂಗ್ಲಿಷ್ ಅನುವಾದ 2009ರಿಂದಲೇ ಇದೆ, ಬಲದಿಂದ ಎಡಕ್ಕೆ ಓದುವ ಮೂಲ ಕ್ರಮವನ್ನೇ ಇಟ್ಟಿದ್ದಾರೆ. ಎರಡು ಅಧ್ಯಾಯ ಓದುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. 2008ರಲ್ಲಿ ಕೊದಾನ್ಶಾ ಮಾಂಗಾ ಪ್ರಶಸ್ತಿಯೂ ಬಂದಿದೆ, ಶೋಜೊ (ಹುಡುಗಿಯರಿಗಾಗಿ ಬರೆಯುವ ಮಾಂಗಾ) ವಿಭಾಗದಲ್ಲಿ. ಪ್ರಕಟಿಸಿದ್ದು ಶೂಯೇಶಾ, ಪ್ರಶಸ್ತಿ ಕೊಟ್ಟದ್ದು ಪ್ರತಿಸ್ಪರ್ಧಿ ಪ್ರಕಾಶಕರು ಎಂಬುದನ್ನೂ ಗಮನಿಸಿ.

ಅಮ್ಮನ_ಡೈರಿ

ಮಗಳ ಜೊತೆ ಮೊದಲ ಕಂತು ನೋಡಿದೆವು. ಮುಗಿದ ಮೇಲೆ ಅವಳು ತನ್ನ ತರಗತಿಯ ಒಬ್ಬ ಹುಡುಗಿಯ ಹೆಸರು ಹೇಳಿ, ‘ಅಮ್ಮ, ನಾವು ಅವಳನ್ನು ಹೀಗೇ ಮಾಡುತ್ತೇವೆ’ ಎಂದಳು. ನಾಳೆ ಊಟದ ಹೊತ್ತಿಗೆ ಅವಳನ್ನು ಕರೆಯುತ್ತಾಳಂತೆ. ಪುಸ್ತಕವನ್ನೂ ತರಿಸಬೇಕೆಂದಿದ್ದೇನೆ. 30 ಸಂಪುಟ ಒಟ್ಟಿಗೆ ಕೊಳ್ಳುವುದು ಕಷ್ಟ, ಎಷ್ಟು ತರಿಸಲಿ?

ಪುಟತಿರುವಿ

ಮೊದಲ ಮೂರು ಸಾಕು. ವದಂತಿಯ ಪ್ರಸಂಗ, ಗೆಳತಿಯರು ಒಂದಾಗುವುದು ಎಲ್ಲ ಅಷ್ಟರೊಳಗೆ ಬರುತ್ತದೆ. ಮಗಳು ಮುಂದಿನದು ಕೇಳಿದರೆ ಆಗ ನೋಡಬಹುದು.

ಕುರುಮಿಪಕ್ಷ

ಎಲ್ಲ ಓದಿ ಮುಗಿದ ಮೇಲೆ ಕುರುಮಿಯ ಉಪಕಥೆಯನ್ನು ಬಿಡಬೇಡಿ, ಅಕ್ಕ. 2018ರಲ್ಲಿ ಆರಂಭವಾಗಿ 2022ರಲ್ಲಿ ಮುಗಿಯಿತು, ಮೂರೇ ಸಂಪುಟ. ವಿಶ್ವವಿದ್ಯಾಲಯ ಸೇರಿದ ಕುರುಮಿಗೆ ಎದುರಾಗುವ ಅಕಾಹೊಶಿ ಏಜಿ ಸವಾಕೊಳ ಬಂಧು. ಶೀನಾ ಅವರ ಹಿಂದಿನ ಇನ್ನೊಂದು ಮಾಂಗಾದಿಂದ ಬಂದ ಪಾತ್ರ ಅದು. ಇದನ್ನು ಇನ್ನೂ ಯಾರಾದರೂ ಓದಿದ್ದರೆ ಹೇಳಿ, ಬೇರೆ ಚರ್ಚೆ ಆರಂಭಿಸುತ್ತೇನೆ.

ತುದಿಬೆಂಚು

ಆರಂಭಿಸಿ. ಮೂರು ಸಂಪುಟ ಎಂದರೆ ನಾನೂ ಓದಿಕೊಂಡು ಬರುತ್ತೇನೆ.